ಕಾಕಾ ಕಚ್ಚಿ ನೋಡಿದ ಕಾರ್ಡು

ನಮ್ಮ ಕಾಕಾ ಬ್ಯಾಂಕ್ ದರೋಡೆ ಮಾಡುವಂಥವರಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ. ಆದರೆ ಜೇವರ್ಗಿ ಮತ್ತು ಅಫಜಲಪುರದ ಎರಡು ಬ್ಯಾಂಕುಗಳ ಕಾವಲುಗಾರರು ನನ್ನ ಮಾತನ್ನು ನಂಬುತ್ತಾರೆಂಬ ಭರವಸೆ ನನಗಿಲ್ಲ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಆಳಂದದ ಬಜಾರಿನಲ್ಲಿ ಜೀವಮಾನವೆಲ್ಲ ತೊಗರಿ ದಲಾಲಿ ಮಾಡಿ ಈಗ ಮನೆಯಲ್ಲಿದ್ದಾರೆ. ಇಂದಿಗೂ ಸೊಪ್ಪಿನವಳು ಬಾಗಿಲಿಗೆ ಬಂದರೆ ಎರಡು ಸುತ್ತಿನ ಮಾತುಕತೆಯಾಗದೆ ನಮ್ಮ ಮನೆಯೊಳಗೆ ಮೆಂತ್ಯ ಕಾಲಿಡುವುದಿಲ್ಲ. ಇನ್ನು ನಾನೋ? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೊರಟ ಬಸ್ಸಿನಿಂದ ಇಳಿದು ಮನೆಗೆ ಓಡಿಬಂದು ನೋಡುವ ಆಸಾಮಿ. ಇಂಥ ಇಬ್ಬರ ನಡುವೆ ನನ್ನ ಮಗಳು ಭಾಗ್ಯ ಸಿಕ್ಕಿಬಿದ್ದಳು, ಪಾಪ!

ಭಾಗ್ಯಳಿಗೆ ಹದಿನಾರು. ಪಿಯುಸಿಗೆ ಕಲಬುರಗಿಯಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸೇರುವ ದಿನ ಹತ್ತಿರ ಬಂದಿತ್ತು. ಖರ್ಚಿಗೆ ನನ್ನದೇ ಕಾರ್ಡ್ ಕೊಟ್ಟು ಕಳಿಸುವುದೆಂದು ನಾನು ತೀರ್ಮಾನಿಸಿದ್ದೆ. ಅವಳು ಒಂದು ರೂಪಾಯಿ ತೆಗೆದರೂ ನನ್ನ ಮೊಬೈಲು ಟಿಂಗ್ ಅನ್ನಬೇಕು, ನನ್ನ ಎದೆಯೂ ಟಿಂಗ್ ಅನ್ನಬೇಕು. ಎಂಥ ಚೊಕ್ಕ ವ್ಯವಸ್ಥೆ!

"ಅಪ್ಪಾ, ನಿಮ್ಮ ಕಾರ್ಡ್ ನಂಗ್ಯಾಕ? ಖಾತಿ ನನ್ನ ಹೆಸರಿಲೆ ಇರಲಿ. ಕಾರ್ಡ್ ಮ್ಯಾಲ ನನ್ನ ಹೆಸರು ಬರಲಿ. ಪಿನ್ ನನಗಷ್ಟೇ ಗೊತ್ತಿರಲಿ," ಅಂದಳು ಮಗಳು.

"ಪಿನ್ ಮರತರ? ಕಾರ್ಡ್ ಕಳದರ? ಯಾವನೋ ಫೋನ್ ಮಾಡಿ ಓಟಿಪಿ ಕೇಳಿದರ?"

"ಹೋದ ತಿಂಗಳ ಆ ಓಟಿಪಿ ಹೇಳಾಕ ಹೊಂಟವ್ರು ಯಾರು? ಫೋನ್ ಕಸಗೊಂಡವ್ರು ಯಾರು?"

ನಾನು ಕೆಮ್ಮಿದೆ. ಕೆಲವು ಪ್ರಶ್ನೆಗಳಿಗೆ ಕೆಮ್ಮೇ ಉತ್ತರ.

ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ ಕಾಕಾ ಎದ್ದು ಹೆಗಲಿಗೆ ಟವೆಲ್ ಹಾಕಿಕೊಂಡರು. "ಖಾತಿ ತಗಸೂಣು. ಆದ್ರ ಮೊದಲನೇ ಅಂಗಡಿಗಿ ಮಾಲು ಹಾಕಬಾರದು. ಮೂರು ಕಡಿ ನೋಡಬೇಕು."

"ಕಾಕಾ, ಆಳಂದದಾಗೇ ಬ್ಯಾಂಕ್ ಅದಾವಲ್ರಿ!"

"ಆ ಕಾರ್ಡ್ ಯಾವ ಊರಾಗ ಬೇಕಾದ್ರೂ ನಡೀತದಿಲ್ಲೋ?"

"ನಡೀತದ್ರಿ."

"ಮತ್ತ? ಯಾವ ಊರಾಗ ಬೇಕಾದ್ರೂ ತಗಸಬಹುದು!"

ಈ ವಾದದಲ್ಲಿ ಎಲ್ಲೋ ಒಂದು ತೂತಿತ್ತು. ಅದನ್ನು ಹುಡುಕುವಷ್ಟರಲ್ಲಿ ನಾವು ಮೂವರೂ ಜೇವರ್ಗಿಯಲ್ಲಿದ್ದೆವು.

ಅಲ್ಲಿನ ಬ್ಯಾಂಕಿನ ಹುಡುಗ ಒಳ್ಳೆಯವನು. ಕಾಕಾ "ಸ್ಯಾಂಪಲ್ ತೋರಸ್ರಿ" ಅಂದಾಗ, ಬೇರೇನೂ ಹೊಳೆಯದೆ ತನ್ನ ಜೇಬಿನ ಕಾರ್ಡನ್ನೇ ಕೈಗಿಟ್ಟ. ತೊಗರಿ ಹಸಿಯೋ ಒಣಗಿದೆಯೋ ತಿಳಿಯಲು ದಲಾಲರು ಏನು ಮಾಡುತ್ತಾರೆ? ಕಾಳನ್ನು ಹಲ್ಲಿಗೆ ಕೊಡುತ್ತಾರೆ. ಕಾಕಾ ಅದನ್ನೇ ಮಾಡಿದರು. ಕಟಕ್!

"ಅಯ್ಯೋ ಯಜಮಾನ್ರ! ಅದು ನನ್ನ ಕಾರ್ಡ್‌ರೀ!"

"ಹೌದೇನು?" ಕಾಕಾ ಕಾರ್ಡಿನ ಮೇಲೆ ಮೂಡಿದ ಹಲ್ಲಿನ ಗುರುತನ್ನು ಬೆರಳಿನಿಂದ ಸವರಿ ನೋಡಿ, ಗಂಭೀರವಾಗಿ ತಲೆಯಾಡಿಸಿದರು. "ನಿಮಗೂ ಬಾಳಿಕಿ ಬರೂದಿಲ್ಲ ತಮ್ಮಾ ಇದು. ಬದಲಿ ಮಾಡಸ್ರಿ."

ಕಾವಲುಗಾರ ನಮ್ಮನ್ನು ಗೇಟಿನವರೆಗೆ ಬಿಟ್ಟುಬಂದ. ಮರ್ಯಾದೆಗೋ ಮುಂಜಾಗ್ರತೆಗೋ ನಾನು ಕೇಳಲಿಲ್ಲ.

ಅಫಜಲಪುರದಲ್ಲಿ ಕಾಕಾ ನೇರ ಮ್ಯಾನೇಜರರ ಎದುರಿಗೆ ಕೂತರು. ಕಾರ್ಡಿಗೆ ವರ್ಷಕ್ಕೆ ಎಷ್ಟು ಹಿಡಿಯುತ್ತೀರಿ ಎಂದು ಕೇಳಿದರು. ಪಾಪ, ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ "ಶ್ಶ್!" ಎಂದು ಹೆಗಲ ಟವೆಲನ್ನು ಅವರ ಬಲಗೈ ಮೇಲೆ ಹೊದಿಸಿ, ಅದರ ಕೆಳಗೆ ಅವರ ಎರಡು ಬೆರಳು ಗಟ್ಟಿಯಾಗಿ ಹಿಡಿದುಬಿಟ್ಟರು! ಬಜಾರಿನಲ್ಲಿ ದರ ಕುದುರುವುದು ಹೀಗೆಯೇ. ಬಟ್ಟೆಯ ಕೆಳಗೆ, ಬೆರಳಿನ ಲೆಕ್ಕದಲ್ಲಿ, ಪಕ್ಕದವನಿಗೆ ಗೊತ್ತಾಗದ ಹಾಗೆ. ಮ್ಯಾನೇಜರಿಗೆ ಇದು ಹೇಗೆ ಗೊತ್ತಿರಬೇಕು?

"ಕೈ ಬಿಡ್ರಿ! ಏನ್ ಮಾಡಾಕತ್ತೀರಿ?"

"ಹೆದರಬ್ಯಾಡ್ರಿ ಸಾಹೇಬ್ರ. ಇಷ್ಟಕ್ಕ ಮುಗಸ್ರಿ. ನಾ ಯಾರ ಮುಂದೂ ಹೇಳೂದಿಲ್ಲ."

"ಹೇಳೂದೇನದರಿ? ದರ ಅಲ್ಲಿ ಗ್ವಾಡಿ ಮ್ಯಾಲೇ ಹಚ್ಚೇವಲ್ಲ!"

ಕಾಕಾ ಗೋಡೆ ನೋಡಿದರು, ಓಡಿಬಂದ ಕಾವಲುಗಾರನನ್ನು ನೋಡಿದರು. ಬೆರಳು ಬಿಟ್ಟರು. ಹೊರಗೆ ಬಂದಮೇಲೆ, ಯಾರದೋ ಮನೆತನ ಹಾಳಾದುದನ್ನು ಕಣ್ಣಾರೆ ಕಂಡವರಂತೆ ನಿಟ್ಟುಸಿರುಬಿಟ್ಟರು: "ಗ್ವಾಡಿ ಮ್ಯಾಲ ದರ ಬರಕೊಂಡು ಕುಂತಾರ. ಇವ್ರೇನು ವ್ಯಾಪಾರ ಮಾಡ್ತಾರಲೇ?"

ಉಳಿದದ್ದು ಆಳಂದ. ನಮ್ಮ ಓಣಿಯ ತಿರುವಿನಲ್ಲೇ ಇರುವ ಬ್ಯಾಂಕು! ಅಲ್ಲಿ ಹೊಸದಾಗಿ ಬಂದಿದ್ದ ಅಧಿಕಾರಿ ಎಳೆಯ ಹೆಣ್ಣುಮಗಳು, ಮೈಸೂರು ಕಡೆಯವರು. ಕಾಕಾರ ಕೈ ಟವೆಲಿನ ಕಡೆಗೆ ಹೋಗುತ್ತಿತ್ತು. ಆ ಅಧಿಕಾರಿ ನಮ್ಮಿಬ್ಬರನ್ನೂ ದಾಟಿ ಹಿಂದೆ ನಿಂತವಳನ್ನು ನೋಡಿ, "ಅಕೌಂಟ್ ನಿನಗಾ ಪುಟ್ಟಾ? ಬಾ, ಕೂತ್ಕೋ. ಹೇಗಿರಬೇಕು ಹೇಳು," ಅಂದರು.

ಭಾಗ್ಯ ಕೂತಳು. ಅಷ್ಟು ದಿನ ಒಳಗೆ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. "ಕಾರ್ಡ್ ಮ್ಯಾಲ ನನ್ನ ಹೆಸರು ಬೇಕ್ರಿ. ಮೆಸೇಜ್ ನನ್ನ ನಂಬರಿಗೇ ಬರಬೇಕು. ಮತ್ತ ದಿನಕ್ಕ ಸ್ವಲ್ಪೇ ತಗಿಯಾಕ ಬರಬೇಕ್ರಿ, ಇಲ್ಲಂದ್ರ ನಮ್ಮಪ್ಪಗ ನಿದ್ದಿ ಹತ್ತೂದಿಲ್ಲ."

"ಹದಿನಾರಾಯ್ತಲ್ಲ, ನೀನೇ ನಡೆಸಬಹುದು. ಮಿತಿನೂ ಹಾಕೋಣ," ಅಂದರು ಅಧಿಕಾರಿ, ಅವಳ ಆಧಾರ್ ನೋಡಿ.

"ಮೇಡಂ, ಮೆಸೇಜ್ ಮಾತ್ರ ನನ್ನ ನಂಬರಿಗೆ..." ಎಂದು ನಾನು ಬಾಯಿ ಹಾಕಿದೆ. ಮಗಳ ಮುಖ ಸಣ್ಣಗಾಯಿತು.

"ನೀ ಸುಮ್ಮ ಕುಂದ್ರಲೇ," ಅಂದರು ಕಾಕಾ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಖಾತಿ ಇಲ್ಲೇ ತಗೀರಿ ಬಾಯಾರ," ಅಂದರು.

"ಯಾಕ್ರಿ ಕಾಕಾ? ಇಲ್ಲಿ ನೀವು ಏನೂ ಪರೀಕ್ಷೆ ಮಾಡಲಿಲ್ಲ?"

"ಆ ಎರಡೂ ಕಡಿ ನನ್ನ ಸಂಗಟ ಮಾತಾಡಿದ್ರು. ಇವ್ರು ಖಾತಿ ಯಾರದದ, ಆಕಿ ಸಂಗಟ ಮಾತಾಡಾಕತ್ತಾರ."

ಕೆಲವೇ ದಿನಗಳಲ್ಲಿ ಕಾರ್ಡ್ ಬಂತು. ಭಾಗ್ಯ ತನ್ನ ಹೆಸರನ್ನು ಮೂಗಿನ ಹತ್ತಿರ ಹಿಡಿದು ಓದಿದಳು, ದೂರ ಹಿಡಿದು ಓದಿದಳು, ಅಡುಗೆಮನೆಗೆ ಓಡಿ ಅಮ್ಮನಿಂದಲೂ ಓದಿಸಿದಳು. ಸಂಜೆ ಮೂವರೂ ಬಸ್‌ ಸ್ಟ್ಯಾಂಡಿನ ಎಟಿಎಮ್ಮಿಗೆ ಮೆರವಣಿಗೆ ಹೋದೆವು. ಅವಳ ಹಿಂದೆಯೇ ನಾನೂ ಒಳಗೆ ತೂರಿದೆ. ಸಹಾಯ ಮಾಡಬೇಡವೇ? ಕಾಕಾ ನನ್ನ ಕಾಲರ್ ಹಿಡಿದು ಹೊರಗೆಳೆದರು. ನನ್ನನ್ನು ರಸ್ತೆಯ ಕಡೆ ತಿರುಗಿಸಿ ನಿಲ್ಲಿಸಿ, ತಾವೂ ಗಾಜಿಗೆ ಬೆನ್ನು ಮಾಡಿ ನಿಂತರು. ಯಾರದೋ ಕಾರ್ಡ್ ಕಚ್ಚುವ, ಯಾರದೋ ಬೆರಳು ಹಿಡಿಯುವ ಮನುಷ್ಯ!

"ಭಾಳ ಹೊತ್ತಾತಲ್ರಿ ಕಾಕಾ. ಮಷೀನ್ ಕಾರ್ಡ್ ನುಂಗಿತೇನು?"

"ನುಂಗಲಿ. ಆಕಿನೇ ಕಕ್ಕಸ್ತಾಳ."

ಬಾಗಿಲು ತೆರೆಯಿತು. ಭಾಗ್ಯ ನೋಟು ಬೀಸುತ್ತ ಹಾರಿಬಂದಳು. ಬಂದವಳು ನನ್ನ ಬೆವರಿದ ಮುಖ ನೋಡಿ ನಿಂತಳು. ಆಮೇಲೆ ಹತ್ತಿರ ಬಂದು, ತುದಿಗಾಲಲ್ಲಿ ನಿಂತು, ನನ್ನ ಕಿವಿಗೆ ಬಾಯಿಟ್ಟು, "ಅಪ್ಪಾ, ಪಿನ್ ಹೇಳ್ತೀನಿ. ನೀವು ಹೆದರಬ್ಯಾಡ್ರಿ," ಅಂದಳು.

ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ.

ಅವಳು ಮುಂದೆ ಏನೋ ಹೇಳಿದಳು, ಕೇಳಿಸಲಿಲ್ಲ. ಅವಳ ಮುಖ ಅರಳುವುದು ಮಾತ್ರ ಕಾಣುತ್ತಿತ್ತು.