ಅರ್ಧ ಲೋಟ ಕಾಫಿಯ ಲೆವೆಲ್

ಯಾರಿಗಾದರೂ ದಾರಿ ತೋರಿಸಿ ನೋಡಿ, ಅದೊಂದನ್ನು ಬಿಟ್ಟು ಬೇರೆಲ್ಲಾ ಕಡೆ ಹೋಗುತ್ತಾರೆ. ಬಟವಾಡಿ ಬಸ್ ಸ್ಟಾಪಿನಲ್ಲಿ ಇದು ದಿನಾ ನಡೆಯುತ್ತದೆ. ನನಗೆ ಕಂಪ್ಯೂಟರಿನ ಒಳಗೂ ನಡೆಯಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಟವಾಡಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ವಿಡಿಯೋ ಗೇಮಿಗೆ ಲೆವೆಲ್ ಕಟ್ಟುವುದನ್ನು ಕಲಿಯುತ್ತಿದ್ದೆ. ಲೆವೆಲ್ ಅಂದರೆ ಆಟದೊಳಗಿನ ಒಂದು ಜಾಗ. ಆಡುವವರು ಈ ತುದಿಯಿಂದ ಹೊರಟು ಆ ತುದಿ ಮುಟ್ಟಬೇಕು. ಕೊನೆಯ ಪರೀಕ್ಷೆಗೆ ಬೆಂಗಳೂರಿನಿಂದ ಒಬ್ಬರು ಬಂದು ನನ್ನ ಲೆವೆಲ್ ಆಡುತ್ತಾರೆ, ನಾನು ತುಟಿ ಬಿಚ್ಚುವ ಹಾಗಿಲ್ಲ. ಅವರು ಮುಗಿಸಿದರೆ ನನಗೆ ಅಲ್ಲೇ ಪಾಠ ಹೇಳುವ ಕೆಲಸ. ಮುಗಿಸದಿದ್ದರೆ ಗುಬ್ಬಿಯಲ್ಲಿ ಮಾವನ ಜೆರಾಕ್ಸ್ ಅಂಗಡಿ. ಆ ಮಿಷನ್ನಿನ ಬಿಸಿ ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹಠ ಹಿಡಿದು ಕೂತೆ.

ಕತ್ತಲೆ

ನಮ್ಮ ಮೇಷ್ಟ್ರು ಬಲು ಒಳ್ಳೆಯವರು. ಏನು ತೋರಿಸಿದರೂ ಮೊದಲು ಹೊಗಳಿ ಆಮೇಲೆ ನೋಡುತ್ತಿದ್ದರು. ನನ್ನ ಮೊದಲ ಲೆವೆಲ್ ಒಂದು ನೆಲಮಾಳಿಗೆ. "ಕತ್ತಲೆ ಸಾಲ್ದಮ್ಮ, ಎದೆ ಝಲ್ ಅನ್ಬೇಕು" ಅಂದರು. ಮಾರನೆಯ ದಿನ ಕತ್ತಲೆ ಹೆಚ್ಚಿಸಿ ಕರೆದೆ. ಅವರು ಬಂದು ಕೂರುವಷ್ಟರಲ್ಲಿ ಸ್ಕ್ರೀನೆಲ್ಲಾ ಕಪ್ಪಾಯಿತು.

"ಆಹಾ, ಇದು ಕತ್ತಲೆ ಅಂದ್ರೆ! ಒಳಗ್ಯಾರೋ ಕೂತವ್ರೆ ನೋಡು, ಕನ್ನಡಕ ಬೇರೆ ಹಾಕವ್ರೆ!"

"ಅದು ನೀವೇ ಸಾರ್. ಕರೆಂಟ್ ಹೋಗಿದೆ."

ಮೇಷ್ಟ್ರು ತಲೆ ಎತ್ತಿ, ನಿಂತುಹೋದ ಫ್ಯಾನ್ ನೋಡಿದರು. "ಇರ್ಲಿ ಬಿಡು. ಕತ್ತಲೆ ಇಷ್ಟೇ ಇರ್ಲಿ."

ರಾಗಿ ಹೊಲ

ಪರೀಕ್ಷೆಗೆ ನಮ್ಮ ಅಮೃತೂರಿನಂಥದೇ ಒಂದು ಊರು ಕಟ್ಟಿದೆ. ಬೀದಿಯ ಕೊನೆಯ ಮನೆಯೊಳಗೆ ಹೊಕ್ಕು ಹಿತ್ತಿಲ ಬಾಗಿಲಿಂದ ಹೊರಬಿದ್ದರೆ ಲೆವೆಲ್ ಮುಗಿಯಿತು. ಹಿತ್ತಿಲ ಬಾಗಿಲಿನ ಬೀಗದ ಕೈಯನ್ನು ರಾಗಿ ಹೊಲದ ನಟ್ಟನಡುವೆ ಮಿಣಮಿಣ ಹೊಳೆಯುವಂತೆ ಇಟ್ಟೆ.

"ಆಟ ಗೊತ್ತಿಲ್ದೋರ ಕೈಲಿ ಆಡಿಸ್ನೋಡು" ಅಂದಿದ್ದರು ಮೇಷ್ಟ್ರು. ಅಪ್ಪ ಕುಣಿಗಲ್ ಬಸ್ಸಿಳಿದು ನನ್ನ ನೋಡಲು ಬಂದಾಗ ಹಿಡಿದು ಕೂರಿಸಿದೆ. ಅಪ್ಪ ಬದುವಿನ ಮೇಲೇ ಹೊಲ ಸುತ್ತಿದರು. ಮತ್ತೆ ಸುತ್ತಿದರು. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಬೀಗದ ಕೈ ಕಾಣ್ತಿಲ್ವಾ?"

"ಆಗ್ಲೇ ಕಾಣ್ತು."

"ಮತ್ತೆ ಹೋಗಿ ತಗೋ."

"ತೆನೆ ಕಟ್ಟಿರೋ ಪೈರು ತುಳ್ಕೊಂಡಾ? ಯಾರ್ದೋ ಏನೋ ಹೊಲ. ಕುಯ್ಲಾಗ್ಲಿ ಬುಡು, ಆಮೇಲ್ ತಗೊಳಣ."

ಪರೀಕ್ಷೆ ಕುಯ್ಲಿನವರೆಗೆ ಕಾಯುವುದಿಲ್ಲವಲ್ಲ. ಬೀಗದ ಕೈಯನ್ನು ಬದುವಿಗೇ ತಂದಿಟ್ಟೆ.

ಜಗಲಿ

ಮುಂದಿನ ಸರದಿ, ಕಣ್ಣು ತೋರಿಸಿಕೊಳ್ಳಲು ಬಂದಿದ್ದ ಅಜ್ಜಿಯದು. ಬದುವಿನ ಮೇಲಿದ್ದ ಬೀಗದ ಕೈ ಎತ್ತಿಕೊಂಡು ಸರಸರ ಕೊನೆಯ ಮನೆಗೆ ಬಂದವಳು ಜಗಲಿಯ ಹತ್ತಿರ ನಿಂತುಬಿಟ್ಟಳು.

"ಬಾಗ್ಲು ತೆಗ್ದಿದೆ, ಹೋಗಜ್ಜಿ."

"ಮನೆಯೋರು ಬಾ ಅನ್ದೆ ಹೆಂಗೇ ನುಗ್ಗದು?"

ಸರಿ, ಮನೆಯೊಳಗೆ ಒಬ್ಬ ಮುದುಕಿಯನ್ನು ನಿಲ್ಲಿಸಿ, "ಬನ್ನಿ, ಒಳೀಕ್ ಬನ್ನಿ" ಅಂತ ಅಜ್ಜಿಯ ದನಿಯನ್ನೇ ಮೈಕಿನಲ್ಲಿ ಹಿಡಿದು ಹಾಕಿದೆ. ಅಜ್ಜಿ ಖುಷಿಯಾಗಿ ಒಳಗೆ ಹೋದಳು, ಹಿತ್ತಿಲ ಬಾಗಿಲು ತೆಗೆದಳು, ತಿರುಗಿ ಆ ಮುದುಕಿಯನ್ನು ದುರುದುರು ನೋಡಿದಳು.

"ಬಂದೋರ್ಗೆ ಒಂದ್ ಲೋಟ ಕಾಪಿ ಕೊಡ್ದೆ ಕಳಿಸ್ತಾಳಲ್ಲ, ಎಂಥಾ ಹೆಂಗ್ಸೇ ಇವ್ಳು!"

ಕಾಫಿ

ಮೇಜಿನ ಮೇಲೆ ಕಾಫಿ ಲೋಟ ಇಟ್ಟೆ. ಅದನ್ನು ಕುಡಿದರೇ ಹಿತ್ತಿಲ ಬಾಗಿಲು ತೆರೆಯಬೇಕು ಅಂತ ಮಾಡಿದೆ. ಅಜ್ಜಿ "ಕಾಪಿ ಕುಡ್ಕೊಂಡ್ ಹೋಗಿ" ಅಂತ ಮೈಕಿಗೆ ಹೇಳಿದಳು. "ಮೊದ್ಲುನೇ ಸಲಕ್ಕೆ ಯಾರೂ ಒಪ್ಪಲ್ಲ" ಅಂತ ನನಗೆ ಹೇಳಿ, ಎರಡನೇ ಸಲಕ್ಕೆ ಇರಲಿ ಅಂತ ಇನ್ನೊಂದು ಮಾತನ್ನೂ ತಾನಾಗಿ ಮೈಕಿಗೆ ಸೇರಿಸಿದಳು.

ಪರೀಕ್ಷಕರು ಬಂದರು. ನಗು ಇಲ್ಲ, ಮಾತಿಲ್ಲ, ವಾಪಸ್ ಬಸ್ಸು ಹಿಡಿಯುವ ಆತುರ. ಬದು ಹಿಡಿದು ಹೋದರು, ಬೀಗದ ಕೈ ತಗೊಂಡರು, ಜಗಲಿಗೆ ಬಂದಾಗ ಮುದುಕಿ ಕರೆದದ್ದೇ ಒಳಗೂ ಹೋದರು. ಲೋಟದ ಕಡೆ ನೋಡದೆ ನೇರ ಹಿತ್ತಿಲ ಬಾಗಿಲಿಗೆ ನಡೆದರು. ಬಾಗಿಲು ಅಲುಗಲಿಲ್ಲ.

"ಕಾಪಿ ಕುಡ್ಕೊಂಡ್ ಹೋಗಿ."

ಅವರು ಗಡಿಯಾರ ನೋಡಿಕೊಂಡರು. ನನಗೆ ಆಗಲೇ ಜೆರಾಕ್ಸ್ ಮಿಷನ್ನಿನ ಬಿಸಿ ಮುಖಕ್ಕೆ ತಟ್ಟಿತು. ಎದ್ದೇ ಹೋಗುತ್ತಾರೆ ಅಂದುಕೊಂಡೆ. ಅವರು ಮೌಸ್ ಬಿಟ್ಟು, ಸ್ಕ್ರೀನಿಗೆ ಕೈ ಮುಗಿದರು.

"ಬೇಡ ಅಮ್ಮ, ಈಗ ತಾನೇ ಕುಡ್ದು ಬಂದೆ."

ಬಾಗಿಲನ್ನು ಮತ್ತೆ ಒತ್ತಿದರು. ಅಜ್ಜಿಯ ಎರಡನೇ ಮಾತು ಬಂತು: "ಅದೆಲ್ಲಾ ಆಗಕಿಲ್ಲ, ಕುಡ್ದೇ ಹೋಗ್ಬೇಕು!"

"ಸರಿ, ಅರ್ಧ ಲೋಟ ಸಾಕು" ಅಂದವರೇ ಹುಡುಕಿ ಲೋಟ ಒತ್ತಿದರು. ಬಾಗಿಲು ತೆರೆಯಿತು. ಆಮೇಲೆ ನನ್ನ ಕಡೆ ತಿರುಗಿ, ಕೆಂಪಾದ ಮುಖದಲ್ಲೇ "ಪಾಸು" ಅಂದರು.

ಕೆಲಸ ಸಿಕ್ಕಿತು ಅಂತ ಕುಣಿಯುತ್ತಾ ಬಂದು ಅಜ್ಜಿಯನ್ನು ತಬ್ಬಿಕೊಂಡು ಎಲ್ಲವನ್ನೂ ಹೇಳಿದೆ. ಅಜ್ಜಿಯ ಮುಖ ಸಪ್ಪಗಾಯಿತು.

"ಅರ್ಧ ಲೋಟನೇ ಕುಡುದ್ರಾ? ಸಕ್ರೆ ಕಮ್ಮಿ ಆಗಿತ್ತೇನೋ, ಕೇಳ್ಬಾರ್ದೇನೇ?"