ಮಖಮಲ್ಲಿನ ದಿಂಬು ಮತ್ತು ಬೀಗರ ಮೂಗು

ದಿಂಬು ಹೊಲಿಯುವುದೂ ಒಂದು ವಿದ್ಯೆಯೇ? ಮೂರು ಕಡೆ ಹೊಲಿಯಬೇಕು, ಒಳಗೆ ಹತ್ತಿ ತುಂಬಬೇಕು, ನಾಲ್ಕನೆಯ ಕಡೆ ಬಾಯಿ ಮುಚ್ಚಬೇಕು. ಮುಗಿಯಿತು. ಕೌದಿ ಹೊಲಿದವಳಿಗೆ, ಕೂಸಿನ ಕುಂಚಿಗೆ ಹೊಲಿದವಳಿಗೆ, ಗಂಡನ ಅಂಗಿಯ ಹರಿದ ಮೊಣಕೈಯನ್ನು ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿದವಳಿಗೆ ಇದನ್ನು ಯಾರಾದರೂ ಕಲಿಸಬೇಕೇ? ನಾನು ಹಾಗೆಂದುಕೊಂಡೆ. ನಾನು ಹಾಗೆಂದುಕೊಂಡಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಆಗುತ್ತದೆ.

ಆಗ ನಾನು ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದು ಬಹಳ ವರ್ಷವಾಗಿರಲಿಲ್ಲ. ಮಾವನವರದು ಮೆಣಸಿನಕಾಯಿ ವ್ಯಾಪಾರ. ಪಡಸಾಲೆಯಲ್ಲಿ ಮೆಣಸಿನಕಾಯಿ ಚೀಲ, ನಡುಮನೆಯಲ್ಲಿ ಚೀಲ, ಅಟ್ಟದ ಮೇಲೆ ಚೀಲ. ಹಿತ್ತಲಲ್ಲಿ ದಿನವೂ ಹೆಂಗಸರು ಕೂತು ಖಾರ ಕುಟ್ಟಿ ಸೋಸುತ್ತಿದ್ದರು. ಹೊಸದರಲ್ಲಿ ನಾನು ಸೀನಿದ್ದೇ ಸೀನಿದ್ದು, ಕಣ್ಣೀರು ಸುರಿಸಿದ್ದೇ ಸುರಿಸಿದ್ದು. ತವರು ನೆನೆದು ಅಳುತ್ತಾಳೆಂದು ಓಣಿಯವರೆಲ್ಲ ಮರುಗಿದರು. ತವರೂ ಅಲ್ಲ, ಏನೂ ಅಲ್ಲ. ಖಾರ! ಆಮೇಲೆ ನನ್ನ ಮೂಗೂ ಆ ಮನೆಯ ಉಳಿದ ಮೂಗುಗಳ ಹಾಗೆ ಸತ್ತುಹೋಯಿತು. ಮುಖದ ಮೇಲೆ ಶೋಭೆಗೆ ಇತ್ತು. ನತ್ತು ಹಾಕಿಕೊಳ್ಳಲು ಅನುಕೂಲವಾಗಿತ್ತು. ಅಷ್ಟೇ.

ನಾದಿನಿ ಶಾಂತಾಳನ್ನು ನೋಡಲು ಇಚಲಕರಂಜಿಯಿಂದ ವರನ ಕಡೆಯವರು ಬರುವವರಿದ್ದರು. ಹಿಂದೆ ಒಂದು ಸಂಬಂಧ ಬಂದು, ಮಾತು ತೆಗೆಯುವ ಹೊತ್ತಿಗೆ ಬಂದವರಲ್ಲೊಬ್ಬರು ಸೀನಿದ್ದರು. ಶುಭಕಾರ್ಯದಲ್ಲಿ ಸೀನು! ಚಹಾ ಸಹ ಕುಡಿಯದೆ ಎದ್ದು ಹೋಗಿದ್ದರು. ಈ ವರನನ್ನಂತೂ ಶಾಂತಾ ಆಜರಾದ ಒಂದು ಮದುವೆಯಲ್ಲಿ ದೂರದಿಂದ ನೋಡಿದ್ದಳು. ಎಷ್ಟು ದೂರದಿಂದ ಎಂದು ನಾನು ಕೇಳಲಿಲ್ಲ. "ವೈನಿ, ಇದೊಂದು ಕೆಡಬಾರದು ನೋಡ್ರಿ" ಎಂದು ನನ್ನ ಕೈ ಹಿಡಿದಳು.

ಅತ್ತೆಯವರು ಯುದ್ಧಕ್ಕೆ ನಿಂತರು. ಚೀಲಗಳೆಲ್ಲ ಊರಾಚೆಯ ಕೊಟ್ಟಿಗೆಗೆ ಹೋದವು. ಕುಟ್ಟುವ ಹೆಂಗಸರಿಗೆ ರಜೆ. ನೆಲ ಸಾರಿಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಜಂತೆಯ ಧೂಳು ಹೊಡೆದರು. "ಈ ಮನ್ಯಾಗ ಒಂದು ಮೆಣಸಿನ ಬೀಜ ಸಿಕ್ಕರ ನನ್ನ ಹೆಸರು ತಗೀರಿ!" ಎಂದು ಘೋಷಿಸಿದರು.

ಇಷ್ಟಾದ ಮೇಲೆ ನೋಡಿದರೆ ಬೈಠಕ್ಕಿನಲ್ಲಿ ಒರಗಲು ನೆಟ್ಟಗಿನ ದಿಂಬಿಲ್ಲ. ಇದ್ದವು ತಲೆಯೆಣ್ಣೆ ಕುಡಿದು ಕರ್ರಗಾಗಿದ್ದವು. ಬರುವವರು ನೂಲು, ಬಟ್ಟೆಯ ವ್ಯಾಪಾರದವರು. ಮನುಷ್ಯರನ್ನು ನೋಡುವ ಮೊದಲು ಅವರು ಉಟ್ಟದ್ದು, ಹಾಸಿದ್ದು ನೋಡುವ ಜನ.

ನಮ್ಮವರು ಅದೇ ಆಗ ಕೊಲ್ಹಾಪುರದಿಂದ ಒಂದು ದೊಡ್ಡ ಮಖಮಲ್ಲಿನ ತುಂಡು ತಂದಿದ್ದರು. ಮಾತಾಡುವ ಸಿನಿಮಾ ಬಂದು ನಾಟಕ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಅಂಥದೊಂದು ಕಂಪನಿಯ ಪರದೆಯಂತೆ ಅದು. ದಾಳಿಂಬೆ ಬಣ್ಣ. ಅದರ ಹಿಂದೆ ನಿಂತು ಎಷ್ಟು ಮಂದಿ ರಾಜರು ಬೀಡಿ ಸೇದಿದ್ದರೋ! ಏನಕ್ಕೆ ತಂದಿರಿ ಎಂದರೆ ಅವರಿಗೇ ಗೊತ್ತಿರಲಿಲ್ಲ.

"ನಾ ದಿಂಬ ಹೊಲೀತೇನಿ" ಎಂದೆ.

"ನೀನ?" ಎಂದರು ನಮ್ಮವರು.

ಆ ಒಂದು ಮಾತಿಗಾಗಿ ಕತ್ತರಿ ಹಿಡಿದೆ.

ಪಕ್ಕದ ಮನೆಯ ಯಶೋದಾ ಕಾಕು ಗೋಡೆಯ ಮೇಲಿಂದ ಇಣುಕಿ, "ಅಗ, ಮಖಮಲ್ ಆಹೇ ತೇ, ಗೋಣಪಾಟ ನವ್ಹೇ!" ಎಂದು ಕೂಗಿ, ಅದು ಗೋಣಿತಟ್ಟಲ್ಲವೆಂದು ಮರಾಠಿಯಲ್ಲಿ ಎಚ್ಚರಿಸಿದರು. ಮಖಮಲ್ಲಾದರೇನು, ಗೋಣಿತಟ್ಟಾದರೇನು, ಸೂಜಿಗೆ ಎರಡೂ ಒಂದೇ ಎಂದು ಉತ್ತರ ಕೊಟ್ಟೆ. ಸೂಜಿಗೆ ಒಂದೇ ಇರಬಹುದು. ಮಖಮಲ್ಲಿಗೆ ಅಲ್ಲ. ಅದಕ್ಕೆ ಬೆಕ್ಕಿನ ಮೈಯ ಹಾಗೆ ಕೂದಲಿರುತ್ತದೆ. ಒಂದು ಕಡೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ಒರಟು. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು. ಬಟ್ಟೆ ಹಾಳಾಗಬಾರದೆಂದು ನಾನು ಒಂದನ್ನು ಉದ್ದಕ್ಕೆ, ಒಂದನ್ನು ಅಡ್ಡಕ್ಕೆ, ಒಂದನ್ನು ತಲೆಕೆಳಗಾಗಿ ಕತ್ತರಿಸಿದೆ. ಹೊಲಿದು ಇಟ್ಟಾಗ ಒಂದು ದಿಂಬು ದಾಳಿಂಬೆ, ಇನ್ನೊಂದು ಬದನೆಕಾಯಿ!

"ಒಂದ ಪರದಿ, ಎರಡ ಬಣ್ಣ ಹೆಂಗ ಬಂತ?" ಎಂದು ನಮ್ಮವರು ದಿಂಬನ್ನು ಬೆಳಕಿಗೆ ಹಿಡಿದರು.

"ಬೇಕಂತ ಮಾಡೇನ್ರಿ. ಜೋಡಿ ಬ್ಯಾರೆ ಬ್ಯಾರೆ ಕಾಣ್ಲಿ ಅಂತ."

"ಬಾಯಿ ಎಷ್ಟ ಚುರುಕೈತಿ ಅಷ್ಟ ಕೈ ಇದ್ದಿದ್ರ ಎಷ್ಟ ಚಲೋ ಆಗ್ತಿತ್ತು!" ಎಂದರು ಅತ್ತೆ.

ಹೊಲಿಗೆಯ ಸುಕ್ಕು ತೆಗೆಯೋಣವೆಂದು ತಂಬಿಗೆಯಲ್ಲಿ ಕೆಂಡ ತುಂಬಿ, ಧೋತರಕ್ಕೆ ಇಸ್ತ್ರಿ ಮಾಡುವ ಹಾಗೆ ಒತ್ತಿದೆ. ಮಖಮಲ್ಲಿನ ಕೂದಲು ನೆಲ ಕಚ್ಚಿತು. ತಂಬಿಗೆ ಎತ್ತಿದರೆ ದಿಂಬಿನ ನಟ್ಟನಡುವೆ ಗುಂಡಗೆ ಹೊಳೆಯುವ ಹುಣ್ಣಿಮೆ ಚಂದ್ರ! ಅದನ್ನು ಮುಚ್ಚಲು ಉಳಿದ ಖಣದ ಚೂರುಗಳನ್ನು ಸೇರಿಸಿ ಒಂದು ಕಮಲ ಹೊಲಿದೆ. ಕುಪ್ಪಸ ಹೊಲಿದು ಉಳಿದ ಹಸಿರು ಖಣ, ಅದೇ ಇದ್ದದ್ದು.

ಶಾಂತಾ ಬಹಳ ಹೊತ್ತು ನೋಡಿದಳು. "ವೈನಿ, ಕೋಸಿನ ಗಡ್ಡಿ ಭಾಳ ಚಂದ ಬಂದೈತ್ರಿ" ಎಂದಳು.

ಇನ್ನು ತುಂಬುವುದು. ಮನೆಯಲ್ಲಿದ್ದ ಬೂರಲ ಹತ್ತಿ ತುಂಬಿದರೆ ದಿಂಬುಗಳು ಉಪವಾಸವಿದ್ದವರ ಹೊಟ್ಟೆಯ ಹಾಗೆ ಒಳಗೇ ಹೋದವು. ಮಖಮಲ್ಲಿನ ಚೂರುಗಳನ್ನೆಲ್ಲ ತುರುಕಿದೆ. ಸಾಲಲಿಲ್ಲ. ಆಗ ಹಿತ್ತಲ ಬಾಗಿಲಲ್ಲಿ ಒಂದು ಗಂಟು ಕಣ್ಣಿಗೆ ಬಿತ್ತು. ಅತ್ತೆಯವರು ಚೀಲಗಳ ಜೊತೆ ಕೊಟ್ಟಿಗೆಗೆ ಕಳಿಸಲೆಂದು ಕಟ್ಟಿಟ್ಟು ಮರೆತದ್ದು. ಒಳಗೆ ಹಳೆ ಧೋತರ, ಹಳೆ ಸೀರೆಯ ತುಂಡು. ಸವೆದು ಸವೆದು ಬೆಣ್ಣೆಯ ಹಾಗೆ ಮೆತ್ತಗಾಗಿದ್ದವು. ಕುಟ್ಟುವ ಹೆಂಗಸರು ಅವನ್ನು ಖಾರ ಸೋಸುವಾಗ ಕೆಳಗೆ ಹಾಸುತ್ತಿದ್ದರು, ಒಮ್ಮೊಮ್ಮೆ ಮೂಗಿಗೂ ಕಟ್ಟಿಕೊಳ್ಳುತ್ತಿದ್ದರು. ಬಣ್ಣ ಕೆಂಪಗಾಗಿತ್ತು. ಮಖಮಲ್ಲೂ ಕೆಂಪು, ಹೊಂದಿಕೊಳ್ಳುತ್ತದೆ ಎಂದುಕೊಂಡೆ.

ನಾನೇನು ತೀರಾ ದಡ್ಡಿಯಲ್ಲ. ತುಂಬುವ ಮೊದಲು ಪರೀಕ್ಷೆ ಮಾಡಿದೆ. ಒಂದು ತುಂಡನ್ನು ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದೆ. ಏನೂ ಆಗಲಿಲ್ಲ. ನಮ್ಮವರ ಮೂಗಿಗೆ ಹಿಡಿದೆ. "ಏನ ವಾಸನಿ ಬರತೈತ್ರಿ?" "ಏನೂ ಇಲ್ಲ." ಇಬ್ಬರು ಸಾಕ್ಷಿ ಆಯಿತು. ನ್ಯಾಯ ಮುಗಿಯಿತು. ತುಂಬಿದೆ, ಬಾಯಿ ಹೊಲಿದೆ, ದಿಂಬುಗಳು ಮೈ ತುಂಬಿಕೊಂಡು ಗೋಡೆಗೆ ಕೂತವು. ಅತ್ತೆ ಸಹ, "ಹೂಂ, ದೂರಿಂದ ನೋಡಿದ್ರ ನಡೀತೈತಿ" ಎಂದರು.

ಬೀಗರು ಬಂದರು. ವರ, ವರನ ತಂದೆ, ಮತ್ತು ವರನ ಸೋದರತ್ತೆ. ಎಲ್ಲರೂ ಆ ಮುದುಕಿಯನ್ನು ಆತ್ಯಾ ಎನ್ನುತ್ತಿದ್ದರು. ಅವರ ಮನೆಯಲ್ಲಿ ಶಕುನ, ಅಪಶಕುನದ ಹೈಕೋರ್ಟು ಎಂದರೆ ಈ ಆತ್ಯಾ. ಹೊಸ್ತಿಲು ದಾಟುವಾಗ ಬಲಗಾಲು ಎಡಗಾಲು ನೋಡಿ, ಹಲ್ಲಿಯೇನಾದರೂ ಇದೆಯೇ ಎಂದು ಗೋಡೆ ನೋಡಿ, ಕೊನೆಗೆ ನಮ್ಮನ್ನು ನೋಡಿದರು.

"ಬರ್ರಿ, ಬರ್ರಿ, ಆರಾಮಶೀರ ಒರಗಿ ಕುಂದರ್ರಿ" ಎಂದರು ಮಾವನವರು.

ವರನ ತಂದೆ ದಿಂಬಿನ ಮೇಲೆ ಕೈಯಾಡಿಸಿದರು. ಬಟ್ಟೆಯವರ ಕೈ. "ಮಖಮಲ್ ಚಲೋ ಐತ್ರಿ. ಆದ್ರ ಒಂದು ಮ್ಯಾಲ ನೋಡತೈತಿ, ಒಂದು ಕೆಳಗ ನೋಡತೈತಿ." ಆಮೇಲೆ ಹೂವು ತೋರಿಸಿ, "ಇದೇನ್ರಿ, ಕೋಸ?" ಎಂದು ಕೇಳಿ, ಬೆನ್ನಿನ ಭಾರವನ್ನೆಲ್ಲ ಹಾಕಿ ಒರಗಿದರು. ಮಾವನವರು ಗಂಟಲು ಸರಿಮಾಡಿಕೊಂಡು, "ಹಂಗಾರ ಮಾತ ತಗಿಯೂಣೇನ್ರಿ?" ಎಂದರು.

"ತಗೀರಿ... ತಗೀ... ಆಆಕ್ಷೀ!"

ಅತ್ತೆಯ ಮುಖ ಗೋಡೆಯ ಸುಣ್ಣಕ್ಕಿಂತ ಬೆಳ್ಳಗಾಯಿತು. ನನಗೆ ಹೊಳೆದದ್ದು ಇಷ್ಟೇ: ಹಿರಿಯರಿಗೆ ಬೆನ್ನಾಸರೆ ಸರಿಯಾಗಿಲ್ಲ. "ತಡೀರಿ ಬೀಗರ, ದಿಂಬ ಗಟ್ಟಿ ಆಗೈತೇನೋ" ಎಂದು ಓಡಿ ಬಂದು, ಎರಡೂ ಕೈಯಿಂದ ದಿಂಬನ್ನು ಬಡಿಬಡಿದು ಮೆತ್ತಗೆ ಮಾಡಿದೆ. ಅತಿಥಿ ಸತ್ಕಾರ!

ವರ ಸೀನಿದ. ಅವನ ತಂದೆ ಮತ್ತೆ ಸೀನಿದರು. ನಾನು ಗಾಬರಿಯಾಗಿ ಇನ್ನೊಂದು ದಿಂಬನ್ನೂ ಬಡಿದೆ. ಆತ್ಯಾ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಮೊದಲೇ ಸೀನಿದ ರಭಸಕ್ಕೆ ಮುಂದಿಟ್ಟಿದ್ದ ತಟ್ಟೆಯ ಅವಲಕ್ಕಿ ಹಾರಿ ವರನ ಟೊಪ್ಪಿಗೆಯ ಮೇಲೆ ಕೂತಿತು. ಅಕ್ಷತೆ ಮೊದಲೇ ಬಿತ್ತು ಎಂದು ಯಾರೂ ನಗಲಿಲ್ಲ. ಅತ್ತ ನಮ್ಮವರು ಅದೇ ಸಾಲಿನ ದಿಂಬಿಗೆ ಒರಗಿ, ಗಾಳಿ ಸೇವನೆಗೆ ಬಂದವರ ಹಾಗೆ ನಿರಾಳವಾಗಿ ಉಸಿರಾಡುತ್ತಿದ್ದರು.

ಆತ್ಯಾ ಕೆಂಪು ಕಣ್ಣಿನಿಂದ ನಮ್ಮನ್ನೆಲ್ಲ ಒಮ್ಮೆ ನೋಡಿದರು. "ನಿಮ್ಮ ಮಂದಿಗೆ ಒಬ್ರಿಗೂ ಸೀನಿಲ್ಲ. ನಮಗ ಅಷ್ಟ ಐತಿ. ಅಂದ್ರ ಇದು ನಮ್ಮ ಮನಿತನಕ್ಕ ಬಂದ ಅಪಶಕುನ. ಏಳ್ರಿ, ಗಾಡಿ ಹೂಡ್ರಿ!"

ಬಾಗಿಲ ಸಂದಿಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಶಾಂತಾಳ ಮುಖ ಕಂಡಿತು. ಹೇಗಾದರೂ ಅವರನ್ನು ಕೂರಿಸಬೇಕು! ಹಾಳು ದಿಂಬೇ ಬೇಡ, ಹಳೆಯದನ್ನೇ ಕೊಡೋಣವೆಂದು ನಾನು ಅದನ್ನು ಎಳೆದೆ. ವರನ ತಂದೆ ಏಳಲು ಅದರ ಮೇಲೆಯೇ ಕೈಯೂರಿದ್ದರು. ನಾನು ಈ ಕಡೆ, ಅವರು ಆ ಕಡೆ. ನನ್ನ ಹೊಲಿಗೆ ಅಷ್ಟು ಗೌರವಕ್ಕೆ ಪಾತ್ರವಾದದ್ದಲ್ಲ. ಪರ್‍ರನೆ ಬಾಯಿಬಿಟ್ಟಿತು! ಕೆಂಪು ಚಿಂದಿಗಳು ಬೀಗರ ಮಡಿಲ ತುಂಬ ಸುರಿದವು.

ಮಾವನವರು ಬಗ್ಗಿ ಒಂದನ್ನು ಎತ್ತಿದರು. "ಇದು ನನ್ನ ಧೋತರ ಅಲ್ಲೇನ?"

"ಕೊಡ್ರಿಲ್ಲೆ ನೋಡೂಣು" ಎಂದು ಅತ್ತೆ ಅದನ್ನು ಕಸಿದುಕೊಂಡು, ಬಿಸಿಲಿಗೆ ಹಿಡಿದು, ರೂಢಿಯಂತೆ ಫಟಫಟನೆ ಝಾಡಿಸಿದರು. ಕಿಟಕಿಯ ಬಿಸಿಲುಕೋಲಿನಲ್ಲಿ ಕೆಂಪು ಧೂಳು ಗುಲಾಲಿನ ಹಾಗೆ ತೇಲಿತು. ಅದು ಏನೆಂದು ಗೊತ್ತಾಗಲು ಈಗ ಯಾರಿಗೂ ಮೂಗು ಬೇಕಾಗಿರಲಿಲ್ಲ.

ಬೀಗರ ಸ್ಥಿತಿ ನಾನು ವರ್ಣಿಸಲಾರೆ. ಅವರಿಗೂ ಕಾಣಲಿಲ್ಲ, ಕಣ್ಣು ಮುಚ್ಚಿದ್ದವು.

ಆಗ ಶಾಂತಾ ತಟ್ಟೆ ಇಟ್ಟು ಹೊರಗೆ ಬಂದಳು. ನೋಡಲು ಬಂದವರ ಮುಂದೆ ಕನ್ಯೆ ತಲೆಯೆತ್ತಬಾರದು, ಬಾಯಿ ತೆರೆಯಬಾರದು. ಇವಳು ಸೆರಗು ಸಿಕ್ಕಿಸಿ ಗುಡುಗಿದಳು: "ಯಾರೂ ಕಣ್ಣ ತಿಕ್ಕಬ್ಯಾಡ್ರಿ! ಬರ್ರಿ ಹಿತ್ತಲಕ್ಕ!" ಆತ್ಯಾನ ಕೈ ಹಿಡಿದು ಎಳೆದುಕೊಂಡು ಹೋಗಿ ತಣ್ಣೀರು ಸುರಿದು ಕಣ್ಣು ತೊಳೆದಳು, ಮೂಗಿನ ಅಂಚಿಗೆ ತುಪ್ಪ ಸವರಿದಳು. ವರನಿಗೂ, "ನಾಚಗೋಬ್ಯಾಡ್ರಿ, ಬಗ್ಗ್ರಿ!" ಎಂದಳು. ಅವನು ಬಗ್ಗಿದ. ಆವತ್ತು ಬಗ್ಗಿದವನು ಆಮೇಲೆ ಅವಳ ಮುಂದೆ ಪೂರ್ತಿ ನೆಟ್ಟಗಾದದ್ದನ್ನು ನಾನಂತೂ ನೋಡಲಿಲ್ಲ.

ಮೂಗು ತಣ್ಣಗಾದ ಮೇಲೆ ಆತ್ಯಾ ಗಾದಿಯ ಮೇಲಲ್ಲ, ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತರು. ನಾವೆಲ್ಲ ಸುತ್ತ ನಿಂತೆವು. ಹೈಕೋರ್ಟು ಬಾಯಿಬಿಟ್ಟಿತು.

"ನೆಗಡಿ ಸೀನು ಶಕುನ ಅಲ್ಲ. ನಶ್ಯದ ಸೀನು ಶಕುನ ಅಲ್ಲ. ಕಾರಣ ಕಣ್ಣಿಗೆ ಕಂಡ ಮ್ಯಾಲ ಅದು ಬರೇ ಸೀನು. ಹುಡುಗಿ ಗಟ್ಟಿ ಐತಿ, ನಮಗ ಪಸಂದ. ಆದ್ರ ಇದನ್ನ ಹೊಲದಾಕಿ ಯಾರು?"

ಮಾವನವರು, ಅತ್ತೆ, ನಮ್ಮವರು, ಗೋಡೆಯ ಮೇಲಿಂದ ಯಶೋದಾ ಕಾಕು, ಎಲ್ಲರೂ ಒಟ್ಟಿಗೆ ನನ್ನ ಕಡೆ ಕೈ ತೋರಿಸಿದರು. ಆ ಮನೆಯಲ್ಲಿ ಅಷ್ಟು ಒಗ್ಗಟ್ಟನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೂ ಕಾಣಲಿಲ್ಲ.

"ಹುಡುಗಿ ಜೋಡಿ ನಮ್ಮ ಮನಿಗೆ ಬರೂ ಸಾಮಾನಿನ್ಯಾಗ ಈಕಿ ಹೊಲದದ್ದು ಒಂದೂ ಇರಬಾರದು" ಎಂದರು ಆತ್ಯಾ. ನಮ್ಮ ಕಡೆಯಿಂದ ಯಾರೂ ಆಕ್ಷೇಪಿಸಲಿಲ್ಲ. ನಮ್ಮವರಂತೂ "ಹೌದ್ರಿ, ಹೌದ್ರಿ" ಎಂದರು.

ಮದುವೆಗೆ ಮನೆಯ ತುಂಬ ಹೆಂಗಸರು. ಒಬ್ಬಳು ಹೋಳಿಗೆಗೆ, ಒಬ್ಬಳು ರಂಗೋಲಿಗೆ, ಒಬ್ಬಳು ಉಡಿ ತುಂಬಲು. ನನಗೆ ಕೆಲಸವಿಲ್ಲ. ಹಿರಿಯ ಸೊಸೆ ಕೈಕಟ್ಟಿ ಕೂತರೆ ಚಂದವೇ ಎಂದು ಅತ್ತೆಯ ಹತ್ತಿರ ಹೋದೆ.

"ಅತ್ಯಾರ, ಹೂವಿನ ಹಾರ ನಾ ಮಾಡ್ಲೇನ್ರಿ?"

"ಅದಕ್ಕ ಸೂಜಿ ಬೇಕೇನವಾ?"

"ಹೂನ್ರಿ."

"ಹಂಗಾರ ಬ್ಯಾಡ. ನೀ ಕುಂತು ನೋಡು."

ನಾದಿನಿಯ ಮದುವೆಯನ್ನು ನನ್ನಷ್ಟು ಚೆನ್ನಾಗಿ ಯಾರೂ ನೋಡಲಿಲ್ಲ.