ಓದಿ ಹೇಳಲಾಯಿತು, ಸರಿಯಿದೆ

ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವವನು ನಗಬಾರದು. ಆದರೆ ನಗು ಬರಿಸುವ ಪ್ರಸಂಗಗಳು ಮಾತ್ರ ವಾರಕ್ಕೊಂದಾದರೂ ಎದುರಾಗುತ್ತವೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಿನಾ ಹರಿಹರದಿಂದ ಬಸ್ಸು ಹಿಡಿದು ದಾವಣಗೆರೆಗೆ ಹೋಗಿ, ಗಾಯಗೊಂಡ ಕಾರ್ಮಿಕರ ಪರಿಹಾರದ ಅರ್ಜಿ ವಿಚಾರಿಸುವ ಸಾಹೇಬರ ಪಕ್ಕ ಕೂತು ಟೈಪ್‌ರೈಟರ್ ಕುಟ್ಟುತ್ತಿದ್ದೆ. ನಿಯಮದ ವಿಷಯದಲ್ಲಿ ನಾನು ಸಾಹೇಬರಿಗಿಂತ ಒಂದು ಕೈ ಮೇಲು. ಆ ಜಂಬ ಇಳಿಸಿದ್ದು ಒಂದೇ ಒಂದು ಕೇಸು.

ಅರ್ಜಿದಾರ ಹದಡಿ ಕಡೆಯ ಕಲ್ಲುಗಣಿ ಕೆಲಸಗಾರ. ಬಂಡೆ ಉರುಳಿ ಬಲಪಾದ ಜಜ್ಜಿಹೋಗಿತ್ತು. ಗಣಿಯ ಮಾಲೀಕ, ಇವನು ನಮ್ಮ ಆಳೇ ಅಲ್ಲ ಎಂದುಬಿಟ್ಟ. ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ. ಅಲ್ಲಿ ದುಡಿದದ್ದು ಸಾಕ್ಷಿಗಳಿಂದ ರುಜುವಾತಾಗದಿದ್ದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ. ಅವನು ಕುಂಟುತ್ತ ಒಳಗೆ ಬಂದಾಗಲೆಲ್ಲ ನಾನೇ ಎದ್ದು ಬೆಂಚು ಸರಿಸಿ ಕೊಡುತ್ತಿದ್ದೆ.

ಕಣ್ಣಾರೆ ಕಂಡದ್ದು ಮಾತ್ರ

ಮೊದಲ ಸಾಕ್ಷಿ ಅವನ ಹೆಂಡತಿ. ಗಂಡ ಗಣಿಯಲ್ಲೇ ದುಡಿಯುತ್ತಿದ್ದ ಎಂದಳು. ಮಾಲೀಕನ ವಕೀಲರು ಎದ್ದು, ದುಡಿಯುವುದನ್ನು ನೀನು ಕಣ್ಣಾರೆ ನೋಡಿದ್ದೀಯಾ ಎಂದು ಕೇಳಿದರು. ಇಲ್ಲ, ತಾನು ಅಲ್ಲಿಗೆ ಹೋದದ್ದೇ ಇಲ್ಲ ಎಂದಳು. ಹಾಗಾದರೆ ಹೇಗೆ ಗೊತ್ತು ಎಂದರು.

"ದಿನಾ ಅವರ ಅಂಗಿ ತೊಳಿಯೋಳು ನಾನು. ಅದರಾಗಿನ ಕಲ್ಲುಪುಡಿ ಕಣ್ಣಾರೆ ನೋಡೀನಿ. ಬೇಕಾದ್ರ ನೀವೂ ಒಂದಿನ ಬಂದು ತೊಳದು ನೋಡ್ರಿ."

ಸಾಕ್ಷಿ ಆಡಿದ್ದನ್ನು ಆಡಿದ ಹಾಗೇ ಬರೆಯಬೇಕೆಂಬುದು ನಿಯಮ. ವಕೀಲರಿಗೆ ಬಂದ ಆಹ್ವಾನವನ್ನೂ ಸೇರಿಸಿ ಮೂರು ಪ್ರತಿ ಟೈಪ್ ಮಾಡಿದೆ.

ಹೊರಗೆ ಕೂಡ್ರಿ

ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬನ ಕಿವಿಗೆ ಬೀಳಬಾರದು. ಎರಡನೆಯ ಸಾಕ್ಷಿ ಕೊಕ್ಕನೂರಿನವನು, ಹಿಂದೆ ಅರ್ಜಿದಾರನ ಜೊತೆ ಕಲ್ಲು ಒಡೆದವನು. ಅವನು ಕಿಟಕಿಯ ಹತ್ತಿರ ನಿಂತಿದ್ದನೆಂದು ನಾನೇ ರೇಗಿ, ಅಂಗಳದಾಚೆಯ ಬೇವಿನ ಮರದ ಕೆಳಗೆ ಕೂಡಿಸಿ ಬಂದಿದ್ದೆ. ಅವನ ಸರದಿ ಬಂದಾಗ ಜವಾನ ಮೂರು ಸಲ ಕೂಗಿದ. ಆಳು ಅಲುಗಲಿಲ್ಲ. ಹೋಗಿ ಭುಜ ಮುಟ್ಟಿದಾಗ ಗೊತ್ತಾಯಿತು: ಬಂಡೆ ಸಿಡಿಸುವ ಮದ್ದಿನ ಸದ್ದಿಗೆ ಅವನ ಎರಡು ಕಿವಿಯೂ ಎಂದೋ ಮುಚ್ಚಿದ್ದವು.

ಪ್ರಶ್ನೆಗಳನ್ನೆಲ್ಲ ಕಿರುಚಿಯೇ ಕೇಳಬೇಕಾಯಿತು. ಹೊರಗಿದ್ದ ಉಳಿದ ಸಾಕ್ಷಿಗಷ್ಟೇ ಅಲ್ಲ, ಎದುರಿನ ಚಹದಂಗಡಿಯವನಿಗೂ ಕೇಸು ಬಾಯಿಪಾಠವಾಯಿತು. ಇಷ್ಟಾಗಿಯೂ ಅವನು ಹೇಳಿದ್ದು ಒಂದೇ ಮಾತು: ಗಣಿ ಬಿಟ್ಟು ತನಗೆ ಬಹಳ ವರ್ಷವಾಗಿದೆ, ಈಗಿನದು ಗೊತ್ತಿಲ್ಲ.

ಇನ್ನೇನಾದರೂ ಸೇರಿಸುವುದಿದೆಯೆ?

ಉಳಿದವನು ಮಾಲೀಕನ ಕಡೆಯ ಸಾಕ್ಷಿ, ಗಣಿಯ ಮೇಸ್ತ್ರಿ. ಪ್ರಮಾಣ ಮಾಡಿ ಕೂತವನೇ, "ಈ ಮನಷ್ಯಾನ್ನ ನಾನು ಯಾವತ್ತೂ ನೋಡಿಲ್ರಿ" ಎಂದ. ಅವನ ಬೆನ್ನ ಹಿಂದಿನ ಬೆಂಚಿನಲ್ಲೇ ಕೂತಿದ್ದ ಅರ್ಜಿದಾರ ತಲೆ ತಗ್ಗಿಸಿದ. ಕೇಸು ಮುಗಿಯಿತು ಅಂದುಕೊಂಡೆ.

ನಾನು ಕಾರ್ಬನ್ ಹಾಳೆ ಬದಲಿಸಲು ಟೈಪ್ ನಿಲ್ಲಿಸಿದೆ. ಸುಮ್ಮನೆ ಕೂತ ಮೇಸ್ತ್ರಿ ಅಭ್ಯಾಸಬಲದಿಂದ ಜೇಬಿನಿಂದ ತಂಬಾಕು ತೆಗೆದು ಅಂಗೈಗೆ ಹಾಕಿಕೊಂಡ. ತಿರುಗಿಯೂ ನೋಡದೆ ಆ ಕೈಯನ್ನು ಹಿಂದಕ್ಕೆ ಚಾಚಿದ. ಅರ್ಜಿದಾರ ಅಷ್ಟೇ ಸಹಜವಾಗಿ ಸೊಂಟದಿಂದ ಡಬ್ಬಿ ತೆಗೆದು, ಚಿಟಿಕೆ ಸುಣ್ಣ ಹಚ್ಚಿದ. ಮೇಸ್ತ್ರಿ ತಿಕ್ಕತೊಡಗಿದ.

ಸಾಹೇಬರು ಕನ್ನಡಕ ತೆಗೆದು, ಅವನ ಹತ್ತಿರ ಸುಣ್ಣ ಇದೆಯೆಂದು ನಿನಗೆ ಹೇಗೆ ಗೊತ್ತಪ್ಪಾ ಎಂದು ಮೆಲ್ಲಗೆ ಕೇಳಿದರು.

"ಗಣಿಯಾಗ ಹನ್ನೆರಡು ವರ್ಷದಿಂದ ಅವನೇ ಕೊಡ್ತಾನಲ್ರಿ" ಎಂದ ಮೇಸ್ತ್ರಿ.

ಮಾಲೀಕನ ವಕೀಲರು ಕೆಮ್ಮಿದರು. ನಾನು ಅದನ್ನೂ ಟೈಪ್ ಮಾಡಿ, ನಿಯಮದಂತೆ ಮೊದಲಿನಿಂದ ಓದಿ ಹೇಳಿದೆ. ಯಾವತ್ತೂ ನೋಡಿಲ್ಲ ಎಂಬ ಸಾಲಿಗೆ ಮೇಸ್ತ್ರಿ ಸರಿ ಎಂದು ತಲೆಯಾಡಿಸಿದ. ಸುಣ್ಣದ ಸಾಲಿಗೆ ಬೆರಳೆತ್ತಿ, ಅದು ತಪ್ಪಾಗೈತೆ ಎಂದ. ಆಡಿದ ಮಾತು ತಿರುಗಿಸುತ್ತಾನೆ ಅಂದುಕೊಂಡೆ. ಅವನು ಬೆಂಚಿನ ಕಡೆ ತಿರುಗಿ, ಎಷ್ಟಾತೋ ಎಂದು ಅರ್ಜಿದಾರನನ್ನೇ ಕೇಳಿ, ನನಗೆ ಹೇಳಿದ:

"ಹನ್ನೆರಡಲ್ರಿ, ಹದಿಮೂರು. ಪ್ರಮಾಣ ಮಾಡೀವಿ, ಸುಳ್ಳು ಬರೀಬ್ಯಾಡ್ರಿ."

ತಿದ್ದಿದೆ. "ಓದಿ ಹೇಳಲಾಯಿತು, ಸರಿಯಿದೆ" ಎಂಬ ಕೊನೆಯ ಸಾಲಿನ ಕೆಳಗೆ ಮೇಸ್ತ್ರಿ ಸಹಿ ಹಾಕಿದ. ಪರಿಹಾರ ಮಂಜೂರಾಯಿತು.